ಕೇಕಿನ ಮೇಲೆ ಬೇವಿನೆಲೆ

ಬರೆಯೋದು ನನ್ನ ಕೆಲಸವಲ್ಲ, ಮೊಮ್ಮಗಳು ಬಲವಂತವಾಗಿ ಕಂಪ್ಯೂಟರ್ ಮುಂದೆ ಕೂರಿಸಿದಾಳೆ. ಇವತ್ತು ಜನವರಿ ಒಂದು ಅಂತ ಎದುರುಮನೆ ರಿಟೈರ್ಡ್ ಮೇಷ್ಟ್ರು ಶಿವಣ್ಣ ಕೇಕ್ ತಂದ. ನಾನು ಹಿತ್ತಲಿಂದ ಎರಡು ಬೇವಿನೆಲೆ ಕಿತ್ತು ಅದರ ಮೇಲಿಟ್ಟು, "ಮೊದಲು ನೀನು ತಿನ್ನು" ಅಂದೆ.

ತಿಂದು ಮುಖ ಕಿವುಚಿದ. "ಲೇ ರಂಗ, ಸ್ಪೇನಿನೋರು ದ್ರಾಕ್ಷಿ ತಿಂತಾರೆ, ಗ್ರೀಸಿನೋರು ಕೇಕ್ ತಿಂತಾರೆ. ಹೊಸ ವರ್ಷಕ್ಕೆ ಕಹಿ ತಿನ್ನೋರು ಪ್ರಪಂಚದಲ್ಲಿ ನಾವೊಬ್ರೇ ಕಣ್ಲಾ."

"ಬರೀ ಸಿಹಿ ತಿನ್ಸಿದ್ರೆ ಬರೋ ವರ್ಷದ ಬಗ್ಗೆ ಸುಳ್ಳು ಹೇಳ್ದಂಗೆ. ಬೇರೆ ದೇಶದೋರೂ ಕಹಿ ತಿಂದೇ ತಿಂತಾರೆ" ಅಂದ್ಬುಟ್ಟೆ.

"ಒಂದು ದೇಶದ ಹೆಸರು ಹೇಳು. ಇಲ್ಲಾಂದ್ರೆ ಈ ಯುಗಾದಿಗೆ ನೀನು ಬೇವು ಮುಟ್ಟಂಗಿಲ್ಲ, ಬರೀ ಬೆಲ್ಲ" ಅಂತ ಪಂಥ ಕಟ್ಟಿ ಹೋದ.

ಅರಕಲಗೂಡು ಬಿಟ್ಟು ನಾನು ಕಂಡಿರೋ ದೂರದೇಶ ಶ್ರವಣಬೆಳಗೊಳ. ಸಂಕ್ರಾಂತಿಗೆ ಎಳ್ಳುಬೆಲ್ಲ ತಿನ್ನೋಕೆ ಬಂದು ಕೇಳ್ತಾನೆ. ಹದಿಮೂರನೇ ತಾರೀಕಿನೊಳಗೆ ಯಾರಾದ್ರೂ ಒಂದು ದೇಶದ ಹೆಸರು ಕಳಿಸಿ.