ಅಬ್ಬಲಿಗೆ ಇಡುತ್ತಿದ್ದ ವಾಲ್ವ್

ಬೊಬ್ರುವಾಡದ ನಮ್ಮ ಮನೆಯಲ್ಲಿ ಅಜ್ಜಿ ದಿನಾ ತುಳಸಿಗೆ ಹೂವಿಟ್ಟ ಮೇಲೆ ಒಂದು ಅಬ್ಬಲಿಗೆ ಹೂವನ್ನು ಹಿತ್ತಲಿನ ನೀರಿನ ವಾಲ್ವಿನ ಮೇಲೂ ಇಡುತ್ತಿದ್ದಳು. ತೀರಿಹೋದ ಅಜ್ಜ ಕೂರಿಸಿದ್ದು ಅದು. ಟಾಕಿಯ ನೀರು ಅದನ್ನು ದಾಟಿ, ಅಜ್ಜಿಯ ಕೋಣೆಯ ಮಣ್ಣಿನ ಗೋಡೆಯೊಳಗೆ ಹೂತ ಪೈಪಿನಲ್ಲಿ ಬಚ್ಚಲಿಗೆ ಹೋಗುತ್ತಿತ್ತು. ಅದೇ ಗೋಡೆಗೆ ತಾಗಿ ಅಜ್ಜಿಯ ಮಂಚ.

"ಅರ್ಧಕ್ಕಿಂತ ಹೆಚ್ಚು ತೆಗೀಬ್ಯಾಡ್ರಿ ಅಂತ ಅವ್ರು ಹೇಳಿ ಹೋಗಿದ್ರು," ಎನ್ನುತ್ತಿದ್ದಳು.

"ಅಜ್ಜ ಅದ್ರೊಳಗೇ ಕೂತಿದಾನೇನೇ?" ಎಂದು ನಾನು ಕೆಣಕಿದರೆ ನಗುತ್ತಿರಲಿಲ್ಲ.

ಎರಡು ಸಾವಿರದ ಆಸುಪಾಸಿನ ಮಾತು. ಸಮುದ್ರದ ಉಪ್ಪುಗಾಳಿಗೆ ವಾಲ್ವ್ ತುಕ್ಕು ಹಿಡಿದು ಅರ್ಧಕ್ಕೂ ಬರದೆ ಕಚ್ಚಿಕೊಂಡಿತು. ಬಚ್ಚಲಲ್ಲಿ ನೀರೋ, ಮಗು ಉಚ್ಚೆ ಹೊಯ್ದ ಹಾಗೆ! ಅಪ್ಪ ಕಾರವಾರದ ಆಫೀಸಿನಿಂದ ಬರುವಾಗ ಹೊಸ ಹಿತ್ತಾಳೆ ವಾಲ್ವ್ ತಂದ.

"ಬ್ಯಾಡ ತಮ್ಮಾ. ಗೋಡೆ ಮುಟ್ಟಿ ನೋಡು, ಥಂಡಿ," ಎಂದಳು ಅಜ್ಜಿ ಮಗನಿಗೆ.

"ಮಳೆಗಾಲ ಈಗ ಮುಗದದೆ ಆಯಿ, ಎಲ್ಲಾ ಗೋಡೆನೂ ಥಂಡೀನೇ."

ಮರುದಿನ ನಲ್ಲಿಯವನು ಬಂದು ಹಳೆಯದನ್ನು ಕಿತ್ತು ತೆಂಗಿನ ಬುಡಕ್ಕೆ ಎಸೆದ. ಸಣಬು ಸುತ್ತಿ ಹೊಸದನ್ನು ಬಿಗಿದು, ಪೂರ್ತಿ ತೆರೆದು ಹೋದ. ನೀರು ಧೋ ಎಂದು ಸುರಿಯಿತು. ಅಮ್ಮನ ಖುಷಿ ಕೇಳಬೇಡಿ. ಅಜ್ಜಿ ಚಾಪೆ ಹಿಡಿದು ಜಗಲಿಗೆ ಹೋಗಿ ಕೂತಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿಯ ಕೋಣೆಯಿಂದ ಅನ್ನ ಕುದಿಯುವಂಥ ಸದ್ದು ಕೇಳಿಸಿತು. ಹೋಗಿ ನೋಡಿದೆ. ಗೋಡೆಯ ಸುಣ್ಣ ಉಬ್ಬಿ ಹೊಟ್ಟೆ ಬಂದಿತ್ತು, ನೆಲವೆಲ್ಲ ಕೆಂಪು ನೀರು.

"ಅಪ್ಪಾ, ಬಂದ್ ಮಾಡು!"

ಅಪ್ಪ ಎಂಜಲು ಕೈಯಲ್ಲೇ ಹಿತ್ತಲಿಗೆ ಓಡಿದ. ಹೊಸ ವಾಲ್ವ್ ಸಲೀಸಾಗಿ ಮುಚ್ಚಿತು. ಅಷ್ಟರಲ್ಲಿ ಗೋಡೆ ಮಂಚದ ಮೇಲೆ ಬಿತ್ತು. ಧೂಳು, ಕೆಸರು, ನಡುವೆ ತುಕ್ಕು ತಿಂದು ಜರಡಿಯಾದ ಪೈಪು.

ಜಗಲಿಗೆ ಓಡಿದೆ. ಚಾಪೆ ಖಾಲಿ. ಊಟದ ಹೊತ್ತಿಗೆ ಅಜ್ಜಿ ಮಂಚಕ್ಕೆ ಬಂದು ಒರಗುವವಳು; ಆಗಿನ ಗಾಬರಿಯಲ್ಲಿ ನಾನು ಮಂಚದ ಕಡೆ ನೋಡಿರಲೇ ಇಲ್ಲ. ಅಯ್ಯೋ ದೇವರೇ! ಅಪ್ಪ "ಆಯೀ, ಆಯೀ" ಎನ್ನುತ್ತ ಬರಿಗೈಯಲ್ಲಿ ಮಣ್ಣು ಬಗೆಯತೊಡಗಿದ. ನಾನೂ ಬಗೆದೆ.

"ನಾ ಇಲ್ಲಿದ್ದೇನೆ."

ಹಿಂಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ತೆಂಗಿನ ಬುಡದಿಂದ ಹೆಕ್ಕಿ ತಂದ ಹಳೆಯ ವಾಲ್ವ್ ಸೆರಗಿನಲ್ಲಿತ್ತು.

"ನಾ ಸತ್ತಿದ್ರೆ ನೀ ಅವ್ರ ಮಾತು ನಂಬ್ತಿದ್ದೆ, ಅಲ್ದಾ ತಮ್ಮಾ?"

ಅವಳನ್ನು ಕಣ್ಣಾರೆ ಕಂಡಮೇಲೂ ಅಪ್ಪನ ಕೈಗಳು ಮಣ್ಣು ಬಗೆಯುವುದನ್ನು ನಿಲ್ಲಿಸಲಿಲ್ಲ.