ಬೆಂಕಿ ಪಾಳಿಯ ಹೆಣ್ಣುಮಗಳ ನಾಡಿ

ಇದು ನಡೆದೇ ಇಲ್ಲ ಎಂದು ನನ್ನ ಮುಖಕ್ಕೇ ಹೇಳಿದವರು ಇಬ್ಬರು. ಇಬ್ಬರೂ ಆ ದಿನ ಅಲ್ಲಿರಲಿಲ್ಲ. ನಾನಿದ್ದೆ. ಆದರೂ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಕಂಡದ್ದನ್ನು ಕಂಡಾಗಲೇ ಬರೆದಿಡಬೇಕು ಎಂದು ಹೈದರಾಬಾದಿನ ಕಾಲೇಜಿನಲ್ಲಿ ವಿಜ್ಞಾನ ಕಲಿಸಿದವರು ಹೇಳಿದ್ದರು, ನಾನು ಬರೆದಿಡಲಿಲ್ಲ. ಅನುಮಾನವಿದ್ದಲ್ಲಿ ಅನುಮಾನವೆಂದೇ ಹೇಳುತ್ತೇನೆ. ಇಲ್ಲದ ಕಡೆ ಯಾರ ಮಾತಿಗೂ ಬಗ್ಗುವುದಿಲ್ಲ.

ಎರಡನೆಯ ಮಹಾಯುದ್ಧದ ಕಾಲ. ಬೇಸಿಗೆ ರಜೆಗೆ ಕೊಪ್ಪಳಕ್ಕೆ ಬಂದಿದ್ದೆ. ಊರ ಹೊರಗೆ ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ ನನ್ನ ಸೋದರಮಾವ ಗುಮಾಸ್ತರು. ಕುಷ್ಟಗಿ, ಯಲಬುರ್ಗಾ ಕಡೆಯ ಹತ್ತಿ ಆ ಅಂಗಳಕ್ಕೆ ಬಂದು ಬೀಳುತ್ತಿತ್ತು. ಹತ್ತಿಯ ಬೆಂಕಿ ಮೇಲೆ ಆರಿದಂತೆ ಕಂಡರೂ ಒಳಗೆ ಉರಿಯುತ್ತಲೇ ಇರುತ್ತದೆ. ತಾಸುಗಟ್ಟಲೆ ನೀರು ಹೊಡೆಯಬೇಕು. ಅದಕ್ಕೆಂದು ಕೈಪಂಪಿನ ಒಂದು ಬಂಡಿ, ಪಂಪು ಒತ್ತಲು ಎಂಟು ಜನ ಇದ್ದರು. ಬೆಂಕಿ ಪಾಳಿಯವರು ಎಂದು ಅವರನ್ನು ಕರೆಯುತ್ತಿದ್ದರು. ಹತ್ತಿಯ ಹಂಗಾಮು ಮುಗಿದ ದಿನ ಉಳಿದ ಆಳುಗಳ ಕೆಲಸವೂ ಮುಗಿಯುತ್ತಿತ್ತು. ಈ ಎಂಟು ಮನೆಗಳಿಗೆ ಮಾತ್ರ ವರ್ಷವಿಡೀ ಕೆಲಸ, ಕಾಂಪೌಂಡಿನೊಳಗೆ ಇರಲೊಂದು ಖೋಲಿ.

ಈ ಎಂಟು ಜನರ ಕಸುವು ಪರೀಕ್ಷಿಸಲು ಹೊಸ ಮ್ಯಾನೇಜರ್ ಡಾಕ್ಟರೊಬ್ಬರನ್ನು ಕರೆಸಿದ್ದ. ಫೌಜಿನ ದವಾಖಾನೆಯಲ್ಲಿ ಕೆಲಸ ಮಾಡಿ ಬಂದವರು. ಯಾರ ಎದೆ ಗಟ್ಟಿ, ಯಾರದ್ದಲ್ಲ ಎಂದು ಅಳೆಯುವ ಕ್ರಮವನ್ನು ಅಲ್ಲಿಂದಲೇ ಕಲಿತಿದ್ದರು. ಮೊಳಕಾಲೆತ್ತರದ ಮರದ ಪೆಟ್ಟಿಗೆಯನ್ನು ಐದು ನಿಮಿಷ ಬಿಡದೆ ಏರಿ ಇಳಿಯಬೇಕು. ಆಮೇಲೆ ಒಂದು ನಿಮಿಷ ಕೂರಿಸಿ ನಾಡಿ ಎಣಿಸುತ್ತಾರೆ. ದಣಿದ ಎದೆ ಬೇಗ ತಣ್ಣಗಾಗಿ ಬಡಿತ ಎಷ್ಟು ಕಡಿಮೆಯೋ, ಎದೆ ಅಷ್ಟು ಗಟ್ಟಿ. ಐದೋ ಮೂರೋ ನಿಮಿಷ, ಈಗ ಖಾತ್ರಿಯಿಲ್ಲ. ಗಡಿಯಾರ ಹಿಡಿದು ‘ಮ್ಯಾಲ, ಕೆಳಗ’ ಎಂದು ಕೂಗಿದವನು ನಾನೇ. ಗಂಟಲು ಕಟ್ಟಿದ್ದು ಮಾತ್ರ ಖಾತ್ರಿ.

ಏಳು ಜನ ಪಾಸಾದರು. ಎಂಟನೆಯವನು ನಡುವೆಯೇ ಪೆಟ್ಟಿಗೆಯ ಮೇಲೆ ಕುಸಿದು ಕೂತ. ವರ್ಷಾನುಗಟ್ಟಲೆ ಹತ್ತಿಯ ಧೂಳು ಕುಡಿದ ಎದೆ ಅದು, ಕೆಮ್ಮು ನಿಲ್ಲಲಿಲ್ಲ. ಮ್ಯಾನೇಜರ್ ಅವನ ಹೆಸರಿನ ಮುಂದೆ ಗೀಟು ಎಳೆದ. ಅಂದರೆ ಕೆಲಸವೂ ಹೋಯಿತು, ಖೋಲಿಯೂ ಹೋಯಿತು.

ಆಗ ಅಂಗಳದಾಚೆ ಹತ್ತಿಯ ಕಸ ಆರಿಸುವ ಹೆಂಗಸರ ಗುಂಪಿನಿಂದ ಅವನ ಹೆಂಡತಿ ಎದ್ದು ಬಂದಳು. ಸೀರೆಯನ್ನು ಕಚ್ಚೆ ಹಾಕಿ ಬಿಗಿದಿದ್ದಳು.

“ಅಂವನ ಜಾಗಾಕ್ಕ ನಾ ಬರ್ತೀನ್ರಿ. ನನ್ನೂ ನೋಡ್ರಿ.”

ಪಾಸಾದ ಏಳು ಜನರಲ್ಲೊಬ್ಬ, ಪಂಪಿನವರ ಮುಖಂಡನಾದ ಜಮಾದಾರ, ನಕ್ಕ. “ಏನವಾ, ಇದು ಒಲಿ ಬೆಂಕಿ ಅಂತ ತಿಳದಿ ಏನ?”

“ಬೀಡಿ ಹಚ್ಚಾಕ ಕೆಂಡ ಬೇಕಾದಾಗ ಅದ ಒಲಿ ಮುಂದ ಬಂದು ನಿಲ್ತೀಯಲ್ಲೋ ಅಣ್ಣಾ.”

ಕೂತಲ್ಲಿಂದಲೇ ಗಂಡ ಕೈ ಎತ್ತಿದ. “ನೋಡ್ರಿ ಸಾಹೇಬ್ರ. ಹ್ವಾದ ಸಲ ಬೆಂಕಿ ಬಿದ್ದಾಗ ನನ್ನ ಪಾಳಿ ಪಂಪು ಒತ್ತಿದಾಕಿ ಆಕೀನ. ಇವರೆಲ್ಲಾ ಕಂಡಾರ, ಬಾಯಿ ಬಿಡವಲ್ರು.”

ಇದನ್ನು ತಪ್ಪಿಸಲು ಮ್ಯಾನೇಜರ್ ಬೇರೆ ದಾರಿ ಹುಡುಕಿದ. “ಹೆಣ್ಮಗಳ ಕೈ ಹಿಡದು ಎಲ್ಲಾರ ಮುಂದ ನಾಡಿ ನೋಡೂದು ಛಲೋ ಅಲ್ಲ. ಬಿಡ್ರಿ ಡಾಕ್ಟರ್.”

“ನಾ ಹಿಡೀತೀನಿ,” ಎಂದಳು ಒಬ್ಬ ಮುದುಕಿ. ಆಕೆ ಸೂಲಗಿತ್ತಿ, ಹೆರಿಗೆಯಿಲ್ಲದ ದಿನ ಹತ್ತಿ ಆರಿಸಲು ಬರುತ್ತಿದ್ದಳು. “ಹುಟ್ಟಿದವ್ರ ನಾಡಿನೂ ಹಿಡದೀನಿ, ಸತ್ತವ್ರ ನಾಡಿನೂ ಹಿಡದೀನಿ.”

“ನಿನಗ ಇಪ್ಪತ್ತರ ಮ್ಯಾಲ ಎಣಸಾಕ ಬರಂಗಿಲ್ಲ, ಆಯಿ,” ಎಂದ ಜಮಾದಾರ.

ಮುದುಕಿ ಹತ್ತಿಕಾಳಿನ ರಾಶಿಯಿಂದ ಒಂದು ಬೊಗಸೆ ತಂದು ಮಡಿಲಿಗೆ ಹಾಕಿಕೊಂಡಳು. “ಒಂದು ಬಡತಕ್ಕ ಒಂದು ಕಾಳು ಕೆಳಗ ಇಡ್ತೀನಿ. ಓದಿದವರು ನೀವು ಎಣಸ್ರಿ.”

ನಾನು ಯಾವುದನ್ನೂ ಸುಮ್ಮನೆ ಒಪ್ಪುವವನಲ್ಲ. ಮೊದಲು ಮುದುಕಿಯ ಕೈಯನ್ನೇ ಪರೀಕ್ಷಿಸೋಣ ಎಂದೆ. ಜಮಾದಾರನನ್ನು ಕೂರಿಸಿದೆವು, ಒಂದು ಕೈ ಡಾಕ್ಟರಿಗೆ, ಇನ್ನೊಂದು ಮುದುಕಿಗೆ. ಅರ್ಧ ನಿಮಿಷವಾದಾಗ ನಾನು ‘ಸಾಕು’ ಎಂದೆ. ಡಾಕ್ಟರರ ಲೆಕ್ಕಕ್ಕೂ ನೆಲದ ಮೇಲಿನ ಕಾಳುಗಳಿಗೂ ಒಂದರ ಅಂತರ. ತಪ್ಪಿದವರು ತಾವೇ ಇರಬಹುದು ಎಂದರು ಡಾಕ್ಟರ್.

ಆಮೇಲೆ ಎಂಟನೆಯವನ ಹೆಂಡತಿ ಪೆಟ್ಟಿಗೆ ಏರಿದಳು. ಎರಡು ನಿಮಿಷದ ತನಕ ಗಂಡಸರು ನಗುತ್ತಿದ್ದರು. ಮುಂದೆ ನಗಲಿಲ್ಲ. ‘ಮ್ಯಾಲ’ ಎಂದು ನಾನು ಕೂಗುವುದು ತಡವಾದರೆ ಆಕೆಯೇ ಗದರಿದಳು: “ಜಲ್ದಿ ಅನ್ನೋ ತಮ್ಮಾ, ನಿನ್ನ ಗಂಟಲ ಸೋತೈತಿ, ನನ್ನ ಕಾಲ ಅಲ್ಲ.” ಇಳಿದು ಕೂತಳು. ಒಂದು ನಿಮಿಷದ ನಂತರ ಮುದುಕಿ ಮಣಿಕಟ್ಟು ಹಿಡಿದು ಕಾಳು ಇಡತೊಡಗಿದಳು. ಎಷ್ಟು ಕಾಳು? ಮರೆತಿದ್ದೇನೆ. ಬೇಕೆಂದರೆ ಒಂದು ಸಂಖ್ಯೆ ಹುಟ್ಟಿಸಬಲ್ಲೆ, ಹುಟ್ಟಿಸುವುದಿಲ್ಲ. ಆದರೆ ಡಾಕ್ಟರ್ ಎರಡು ಸಲ ಎಣಿಸಿ, “ಜಮಾದಾರ ಪೆಟ್ಟಿಗೆ ಇಳಿದಾಗ ಇದ್ದದ್ದಕ್ಕಿಂತ ಕಡಿಮೆ” ಎಂದದ್ದನ್ನು ಈ ಕಿವಿಯಿಂದ ಕೇಳಿದ್ದೇನೆ.

ಅಂದು ಸಂಜೆ ಮ್ಯಾನೇಜರ್ ಮಾವನನ್ನು ಕರೆದು ಉಪಾಯ ಹೇಳಿದನಂತೆ: ಅವಳು ದುಡಿಯಲಿ, ಆದರೆ ಪಟ್ಟಿಯಲ್ಲಿ ಗಂಡನ ಹೆಸರೇ ಇರಲಿ, ಹೆಂಗಸಿನ ಹೆಸರು ಬೇಡ.

ಮರುದಿನ ಬೆಳಿಗ್ಗೆ ಹಾಜರಿ. ಪಂಪಿನ ಬಂಡಿಯ ಮುಂದೆ ಆಕೆ ಎಂಟನೆಯವಳಾಗಿ ನಿಂತಿದ್ದಳು. ಮಾವ ಏಳು ಹೆಸರು ಓದಿ ಅವಳ ಗಂಡನ ಹೆಸರು ಕೂಗಿದರು. ಆಕೆ ಸೀರೆಯ ಕಚ್ಚೆ ಬಿಗಿ ಮಾಡಿಕೊಂಡಳು. ಇನ್ನೊಮ್ಮೆ ಕೂಗಿದರು.

“ಹೂಂ ಅನ್ನವಾ,” ಎಂದ ಜಮಾದಾರ. ಅವನ ದನಿಯಲ್ಲಿ ಈಗ ಕುಚೋದ್ಯವಿರಲಿಲ್ಲ.

“ಅಂವ ಖೋಲ್ಯಾಗ ಅದಾನ. ಕರೀಬೇಕಂದ್ರ ಅಲ್ಲಿ ಹೋಗಿ ಕರೀರಿ.”

ಮ್ಯಾನೇಜರ್ ಆಫೀಸಿನ ಬಾಗಿಲಿಗೆ ಬಂದ. “ಕೆಲಸ ಸಿಕ್ಕೈತಲ್ಲ, ಹೆಸರು ಯಾರದಿದ್ರ ಏನಾತು?”

“ನಾಳಿ ಅಂವ ಸತ್ತರ ಖೋಲಿ ಯಾರದ್ರಿ? ಸತ್ತವನ ಹೆಸರಿಗೆ ನಾ ಹೂಂ ಅಂದ್ರ ನೀವು ಕೇಳ್ತೀರೇನು? ನಿನ್ನೆ ಕಾಳು ಬಿದ್ದದ್ದು ನನ್ನ ನಾಡಿಗೆ, ಅಂವಂದಕ್ಕಲ್ಲ.”

ಆಗ ಸಾಲಿನಲ್ಲಿದ್ದ ಏಳು ಗಂಡಸರಲ್ಲಿ ಯಾರೋ ಒಬ್ಬ, “ಬರೀರಿ ಸಾಹೇಬ್ರ, ಬಿಸಲೇರಾಕತ್ತೈತಿ,” ಎಂದ. ಯಾರೆಂದು ಹೇಳಲಾರೆ. ಜಮಾದಾರನೇ ಎಂದು ನನ್ನ ಗುಮಾನಿ.

ಮ್ಯಾನೇಜರ್ ಒಳಗೆ ಹೋದ. ಬೇಡ ಎನ್ನಲಿಲ್ಲ, ಮಾವನಿಗೆ ಅಷ್ಟು ಸಾಕಾಯಿತು. ಪೆನ್ನು ಮಸಿಯಲ್ಲಿ ಅದ್ದಿದರು, ಬರೆಯಲು ಹೋಗಿ ತಡೆದರು. ಇಷ್ಟು ವರ್ಷ ಜಿನ್ನಿನಲ್ಲಿ ಆಕೆಯನ್ನು ಇಂಥವನ ಹೆಂಡತಿ ಎಂದು ಕರೆದವರೇ ಎಲ್ಲ.

“ನಿನ್ನ ಹೆಸರೇನವಾ?”

ಅಂಗಳದಾಚೆಗಿನ ಹೆಂಗಸರಿಗೂ ಕೇಳುವಂತೆ ಆಕೆ ಹೆಸರು ಹೇಳಿದಳು. ಮಾವ ಬರೆದುಕೊಂಡು, ತಲೆಯೆತ್ತಿ, ಹೊಸದಾಗಿ ಕೂಗಿದರು.

“ಅದೀನ್ರಿ,” ಎಂದಳು.

ಜಮಾದಾರ ಸೀಟಿ ಊದಿದ. ಎಂಟೂ ಜನ ಪಂಪಿನ ಹಿಡಿಗೆ ಕೈ ಹಾಕಿದರು.