ಕಡಲಿಗೆ ಹೋಗುವವರನ್ನು ಕೇಳಬಾರದ ಮಾತು

"ಯಾವಾಗ ಬರ್ತಿ?" ಎಂದು ಅವ್ವ ನನ್ನನ್ನು ಒಮ್ಮೆಯೂ ಕೇಳಿದವಳಲ್ಲ. ಇಬ್ರಾಹಿಂಪುರದ ಮನೆಯಿಂದ ನಾನು ಬಬಲೇಶ್ವರದ ಶಾಲೆಗೆ ಪಾಠ ಹೇಳಲು ಹೊರಟರೆ ಸಾಕು, ಅಡುಗೆಮನೆ ಸೇರಿಬಿಡುತ್ತಿದ್ದಳು. ಓಣಿಯ ಅವ್ವಂದಿರೆಲ್ಲ ಬಾಗಿಲಿಗೆ ಬಂದು ಕೇಳುವಾಗ ಇವಳಿಗೇನು ಧಾಡಿ ಎಂದು ನನಗೆ ಸಿಟ್ಟು. ಜೋರು ಗಾಳಿ ಬೀಸಿದರೆ ಮಾತ್ರ, "ಬಂದ್ರೇನ ನೋಡು," ಅನ್ನುತ್ತಿದ್ದಳು. ಯಾರು ಅಂದರೆ ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಹೋದ ವರ್ಷ ಬಾಯಿಬಿಟ್ಟಳು. ಅವಳು ಹುಟ್ಟಿದ್ದು ಕರಾವಳಿಯ ಒಂದು ಪುಟ್ಟ ದ್ವೀಪದಲ್ಲಿ. ಊರೆಂದರೆ ಒಂದು ಬಂದರು, ಅದರ ಬೆನ್ನಿಗೆ ನಾಲ್ಕು ಓಣಿ. ಮಚವೆ ಎಂಬ ಹಾಯಿಹಡಗುಗಳು ಹೆಂಚು ಹೊತ್ತು ಹೋಗಿ ಖರ್ಜೂರ ತರುತ್ತಿದ್ದವು. ಕಡಲಿಗೆ ಹೊರಟವರನ್ನು ಯಾವಾಗ ಬರುತ್ತೀ ಎಂದು ಕೇಳಬಾರದು, ಕೇಳಿದರೆ ಕಡಲು ಕೇಳಿಸಿಕೊಳ್ಳುತ್ತದೆ ಎಂಬುದು ಅಲ್ಲಿಯ ಕಟ್ಟಳೆ. ಎಂಟು ವರ್ಷದ ಅವ್ವ ತನ್ನ ಅಣ್ಣನನ್ನು ಕೇಳಿಬಿಟ್ಟಳು. ಆ ಮಚವೆ ತಿರುಗಿ ಬರಲಿಲ್ಲ. ಊರಿನ ಹೆಂಗಸರು ಅವಳನ್ನು ಮಾತನಾಡಿಸುವುದನ್ನೇ ಬಿಟ್ಟರು. ಅವಳು ದೊಡ್ಡವಳಾದ ಮೇಲೆ, ಬಂದರಿಗೆ ಸೇಂಗಾ ಒಯ್ಯುತ್ತಿದ್ದ ಟಿಕೋಟಾದ ನನ್ನಜ್ಜ ಮಗನಿಗೆ ಹೆಣ್ಣು ಕೇಳಿದಾಗ, ಮನೆಯವರು ಕಡಲು ಕಾಣದ ಈ ಸೀಮೆಗೆ ಕೊಟ್ಟು ಕೈತೊಳೆದುಕೊಂಡರು.

"ಸಾಯೂದ್ರಾಗ ಒಮ್ಮೆ ಅಲ್ಲಿ ಹೋಗಿ ತಪ್ಪಾತು ಅನಬೇಕವ್ವಾ," ಎಂದಳು.

ಕಾರು ಮಾಡಿಕೊಂಡು ಹೋದೆವು. ದ್ವೀಪಕ್ಕೆ ಈಗ ಸೇತುವೆ. ಸರಕೆಲ್ಲ ಲಾರಿಗಳ ಪಾಲಾಗಿ ಮಚವೆ ಒಂದೂ ಉಳಿದಿಲ್ಲ, ಇರುವುದು ಮೀನಿನ ದೋಣಿಗಳಷ್ಟೇ. ಆದರೂ ಚಹಾದಂಗಡಿಯವನು ತಾವು ಬಂದರಿನವರೆಂದು ಎದೆಯುಬ್ಬಿಸಿ ಹೇಳಿಕೊಂಡ. ಅವ್ವನ ಮನೆತನ ಅವನಿಗೆ ಗೊತ್ತಿರಲಿಲ್ಲ. ಬೇರೆ ಯಾರಿಗೂ ಗೊತ್ತಿರಲಿಲ್ಲ. ತಪ್ಪಾಯಿತು ಎಂದು ಯಾರಿಗೆ ಹೇಳುವುದು?

ಅಷ್ಟರಲ್ಲಿ ಒಬ್ಬ ಹುಡುಗಿ, ದೋಣಿ ಬಿಡುತ್ತಿದ್ದ ಅಪ್ಪನನ್ನು ಯಾವಾಗ ಬರುತ್ತೀ ಎಂದು ಕೂಗಿ ಕೇಳಿದಳು. ಅವ್ವ ನನ್ನ ತೋಳನ್ನು ಉಗುರು ನಾಟುವಂತೆ ಹಿಡಿದಳು. ಅವನು ಮೊಬೈಲ್ ಎತ್ತಿ ತೋರಿಸಿ ನಕ್ಕ. ಸುತ್ತಲಿದ್ದವರು ತಲೆಯೆತ್ತಿ ಸಹ ನೋಡಲಿಲ್ಲ. ಹಾಗೆ ಕೇಳಬಾರದಲ್ಲವೇ ಎಂದು ಬಲೆ ಹೆಣೆಯುತ್ತಿದ್ದ ಮುದುಕಿಯನ್ನು ವಿಚಾರಿಸಿದೆ. "ಅದನ್ನೆಲ್ಲ ಈಗ ಯಾರು ನೋಡ್ತಾರೆ?" ಎಂದಳು.

ಸಂಜೆಗೆ ಆ ದೋಣಿ ಬಂತು. ಅಲ್ಲಿಯವರೆಗೂ ಅವ್ವ ಬಂದರಿನ ಕಟ್ಟೆ ಬಿಟ್ಟು ಏಳಲಿಲ್ಲ.

ನನಗೆ ಖುಷಿಯೋ ಖುಷಿ. "ನೋಡ ಬೇ ಯವ್ವಾ, ನಿಂದೇನೂ ತಪ್ಪಿರಲಿಲ್ಲ," ಅಂದೆ. ಅವಳ ಎದೆಯ ಭಾರ ಇಳಿಯಿತೆಂದುಕೊಂಡಿದ್ದೆ. ಮರುದಿನ ದಾರಿಯುದ್ದಕ್ಕೂ ಅವಳು ಕಾರಿನ ಹಿಂದಿನ ಗಾಜಿನತ್ತ ತಿರುಗಿ ಕೂತಿದ್ದಳು. ಮನೆ ಮುಂದೆ ಇಳಿದ ಮೇಲೆ ನನ್ನ ಮುಖ ನೋಡಿದಳು.

"ಹಂಗಾರ ನಮ್ಮಣ್ಣ ಯಾಕ ಬರ್ಲಿಲ್ಲ?"